ಮುನವಳ್ಳಿಯ ಹೊಳೆಯಲ್ಲಿ ತೇಲುಮುಳುಗು

ಸವದತ್ತಿಯಿಂದ ಉತ್ತರಕ್ಕೆ ಹೊರಟ ಪ್ರವಾಸಿಗನಿಗೆ ಮೊದಲು ಎದುರಾಗುವುದು ನವಿಲುತೀರ್ಥ. ಗುಡ್ಡಗಳ ಸಾಲನ್ನು ಸೀಳಿಕೊಂಡು ಹರಿಯುವ ಮಲಪ್ರಭೆಗೆ ಈ ಇಕ್ಕಟ್ಟಾದ ಕಣಿವೆಯಲ್ಲಿಯೇ ಅಣೆಕಟ್ಟನ್ನು ಕಟ್ಟಿ, ಅದರ ಹಿಂದೆ ನಿಂತ ಜಲರಾಶಿಗೆ ರೇಣುಕಾಸಾಗರವೆಂದು ಹೆಸರಿಟ್ಟಿದ್ದಾರೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇಲ್ಲಿ ಕೊಂಚ ವಿಶ್ರಮಿಸಿ, ಮುನವಳ್ಳಿಯ ದಂಡೆಯನ್ನು ತೊಳೆಯುತ್ತ ರಾಮದುರ್ಗದತ್ತ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುನವಳ್ಳಿಯಲ್ಲಿ ನೋಡತಕ್ಕದ್ದು ಹಲವುಂಟು: ಪಂಚಲಿಂಗೇಶ್ವರನ ಪ್ರಾಚೀನ ದೇವಾಲಯ, ಸೇವುಣರ ಕಾಲದ ಶಾಸನಗಳು, ಹಳೆಯ ಕೋಟೆ. ಆದರೆ ಊರಿನ ಅತ್ಯಂತ ದಾರುಣವಾದ ಕಥೆಯನ್ನು ಕಲ್ಲು ಹೇಳುವುದಿಲ್ಲ. ಅದು ನೀರಿನಲ್ಲಿಯೇ ಅಡಗಿದೆ.

1800ರ ಜುಲೈ 30ರಂದು ಧೋಂಡಿಯ ವಾಘನ ಬಿಡಾರ ಇದೇ ಹೊಳೆಯ ದಂಡೆಯ ಮೇಲಿತ್ತು. ಮುಂದೆ ವಾಟರ್ಲೂ ಕದನದಿಂದ ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯದೊಡನೆ ಅದರ ಮೇಲೆ ಹಠಾತ್ತನೆ ಎರಗಿದನು. ಹಿಂದೆ ಕತ್ತಿ, ಮುಂದೆ ಮಳೆಗಾಲದ ಮಲಪ್ರಭೆ. ಸುಮಾರು 5000 ಜನರನ್ನು ಹೊಳೆಗೆ ಅಟ್ಟಲಾಯಿತೆಂದೂ ಅವರು ಅಲ್ಲಿಯೇ ಮುಳುಗಿದರೆಂದೂ ವೆಲ್ಲೆಸ್ಲಿ ತನ್ನ ಪತ್ರದಲ್ಲಿ ಬರೆದಿದ್ದಾನೆ. ಅಂದು ತಪ್ಪಿಸಿಕೊಂಡ ಧೋಂಡಿಯನು ಅದೇ ವರ್ಷದ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಮಡಿದನು.

ದಂಡೆಯ ಮೇಲೆ ನಿಂತು ಈ ಕಥೆಯನ್ನು ನೆನೆದವನಿಗೆ ಒಂದು ಪ್ರಶ್ನೆ ಏಳುವುದು ಸಹಜ. ಮನುಷ್ಯನನ್ನು ನೀರು ತೇಲಿಸುವುದೇಕೆ, ಮುಳುಗಿಸುವುದೇಕೆ? ಮಳೆಗಾಲದ ತಣ್ಣನೆಯ ಕೆನ್ನೀರು ಆಳಕ್ಕೆ ಎಳೆಯುವುದೆಂದು ತೋರಬಹುದು. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 995.7 ಗ್ರಾಂ ತೂಗಿದರೆ, 20 ಡಿಗ್ರಿಯ ನೀರು 998.2 ಗ್ರಾಂ ತೂಗುತ್ತದೆ. ಅಂತರ ಎರಡೂವರೆ ಗ್ರಾಂ ಮಾತ್ರ. ತಂಪಾದ ನೀರು ಹೆಚ್ಚು ಸಾಂದ್ರವಾದ್ದರಿಂದ ಅದು ಎಳೆಯುವುದಿಲ್ಲ, ಬದಲಾಗಿ ಎತ್ತುತ್ತದೆ. 60 ಕಿಲೋ ತೂಕದ ವ್ಯಕ್ತಿಯನ್ನು ಅದು ಎತ್ತುವ ಹೆಚ್ಚುವರಿ ಬಲ ಸುಮಾರು 150 ಗ್ರಾಂ ತೂಕಕ್ಕೆ ಸಮ. ಕೆಸರಿನ ಮಾತೂ ಹೀಗೆಯೇ. ಲೀಟರಿಗೆ ನಾಲ್ಕು ಗ್ರಾಂ ಮಣ್ಣು ಕದಡಿಕೊಂಡರೆ, ಹತ್ತು ಡಿಗ್ರಿ ತಂಪಾದಷ್ಟೇ ನೀರಿನ ಸಾಂದ್ರತೆ ಹೆಚ್ಚುತ್ತದೆ. ಅಂದಿನ ಹೊಳೆಯ ಕೆಸರೂ ತಂಪೂ ಲೆಕ್ಕದ ಪ್ರಕಾರ ಮುಳುಗುವವರ ಪಕ್ಷದಲ್ಲಿಯೇ ಇದ್ದವು. ಕೊಂದದ್ದು ನೀರಿನ ಸಾಂದ್ರತೆಯಲ್ಲ. ಪ್ರವಾಹದ ಸೆಳೆತ, ಮೈಮೇಲಿನ ಹೊರೆ, ನೂಕುನುಗ್ಗಲು, ಭಯ.

ಆದರೆ ಆ ಎರಡೂವರೆ ಗ್ರಾಂ ಅಂತರವನ್ನು ಹಗುರವಾಗಿ ಕಾಣುವಂತಿಲ್ಲ. ಬಕೆಟ್ಟಿನ ತಣ್ಣೀರಿನ ಮೇಲೆ ಬಿಸಿನೀರನ್ನು ಮೆಲ್ಲಗೆ ಸುರಿದಾಗ, ಕೈಯಾಡಿಸಿ ಕಲಕುವವರೆಗೆ ಬಿಸಿ ಮೇಲೆಯೇ ನಿಲ್ಲುವುದನ್ನು ಪ್ರತಿಯೊಂದು ಮನೆಯವರೂ ಬಲ್ಲರು. ಆಳವಾದ ಜಲಾಶಯಗಳಲ್ಲಿ ಬೇಸಗೆ ಮಾಡುವುದೂ ಇದನ್ನೇ. ಬಿಸಿಲಿಗೆ ಕಾದ ನೀರು ಮೇಲೆ, ತಂಪಾದದ್ದು ಕೆಳಗೆ. 5 ಡಿಗ್ರಿಯಿಂದ 6ಕ್ಕೆ ಏರಿದಾಗ ಆಗುವ ಸಾಂದ್ರತೆಯ ವ್ಯತ್ಯಾಸಕ್ಕಿಂತ, 29ರಿಂದ 30ಕ್ಕೆ ಏರಿದಾಗ ಆಗುವುದು ಹತ್ತು ಪಟ್ಟಿಗೂ ಹೆಚ್ಚು. ಆದುದರಿಂದ ನಮ್ಮಂಥ ಉಷ್ಣ ಪ್ರದೇಶದಲ್ಲಿ ಅಲ್ಪ ಉಷ್ಣತಾಭೇದವೂ ಪದರಗಳನ್ನು ಗಟ್ಟಿಯಾಗಿ ನಿಲ್ಲಿಸಬಲ್ಲುದು. ಚಳಿಗಾಲದ ರಾತ್ರಿಗಳಲ್ಲಿ ಮೇಲಿನ ನೀರು ತಣಿದು ಕೆಳಗಿಳಿದಾಗಲೇ ಇವೆರಡೂ ಬೆರೆಯುವುದು. ಜಲಾಶಯದ ತಳಮಟ್ಟದ ತೂಬಿನಿಂದ ಹೊರಬಿದ್ದ ನೀರು, ಬಿಸಿಲಿನಲ್ಲಿ ಹೊಳೆಗಿಳಿದವನನ್ನು ಚಳಿಯಿಂದ ಬೆಚ್ಚಿಬೀಳಿಸುವುದೂ ಇದರಿಂದಲೇ.

ನೀರಿಗಿಳಿದ ಮೇಲೆ ಚಳಿಯೇನು ಎಂಬ ಗಾದೆಯುಂಟು. ಆದರೆ ಚಳಿಯ ನಿಜವಾದ ಅಪಾಯ ಇಳಿದ ಮೇಲೆಯೇ ಇರುವುದು. ಥಟ್ಟನೆ ತಣ್ಣೀರು ತಗಲಿದಾಗ ಏದುಸಿರು ಬರುವುದು ದೇಹಧರ್ಮ. ನೀರು ತಂಪಾದಷ್ಟೂ ಅದರ ಆವೇಗ ಹೆಚ್ಚು. ಆ ಉಸಿರಿನೊಡನೆ ನೀರು ಒಳಹೊಕ್ಕರೆ ತೇಲುವ ಲೆಕ್ಕವೇ ಕೆಡುತ್ತದೆ. ಏಕೆಂದರೆ ಮನುಷ್ಯದೇಹದ ಸಾಂದ್ರತೆ ನೀರಿನದಕ್ಕೆ ತೀರ ಹತ್ತಿರ. ಎದೆ ತುಂಬ ಉಸಿರಿದ್ದರೆ ಬಹುಮಂದಿ ತೇಲುವರು, ಉಸಿರು ಬರಿದಾದರೆ ಮುಳುಗುವರು. ಮೂರು ಲೀಟರ್ ಗಾಳಿ ಎತ್ತುವುದು ಮೂರು ಕಿಲೋ ತೂಕವನ್ನು. ಮೇಲೆ ಹೇಳಿದ ಹತ್ತು ಡಿಗ್ರಿ ತಂಪು ಎತ್ತುವುದಕ್ಕಿಂತ ಅದು ಇಪ್ಪತ್ತು ಪಟ್ಟು ಅಧಿಕ. ಇನ್ನು 60 ಕಿಲೋ ದೇಹದ ಒಂದು ತೋಳು ಹೆಚ್ಚುಕಡಿಮೆ ಮೂರು ಕಿಲೋ ತೂಗುತ್ತದೆ. ನೀರಿನೊಳಗಿರುವಾಗ ಆ ಭಾರವನ್ನು ನೀರೇ ಹೊತ್ತಿರುತ್ತದೆ. ರಕ್ಷಿಸಿರೆಂದು ಕೈಯನ್ನು ಮೇಲೆತ್ತಿದವನು ತುಂಬಿದ ಉಸಿರು ಕೊಟ್ಟದ್ದನ್ನೆಲ್ಲ ಆ ಒಂದು ಕೈಯಿಂದ ಕಳೆದುಕೊಳ್ಳುತ್ತಾನೆ.

ಈಸು ಕಲಿಯುವ ಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದ ಹಿರಿಯರು ಈ ಗಣಿತವನ್ನು ಅನುಭವದಿಂದ ಬಲ್ಲವರಾಗಿದ್ದರು. ಬುರುಡೆಯೊಳಗಿನ ಗಾಳಿ ಎದೆಯೊಳಗಿನ ಗಾಳಿಗೆ ಒತ್ತಾಸೆ. ಅದು ಇಲ್ಲದಾಗ ಉಪಾಯವೊಂದೇ. ಅಂಗಾತವಾಗಿ ಮಲಗಿ, ಕಿವಿಗಳು ನೀರಿನಲ್ಲಿರುವಂತೆ ತಲೆಯನ್ನು ಹಿಂದಕ್ಕೆ ಒರಗಿಸಿ, ಕೈಕಾಲುಗಳನ್ನು ನೀರೊಳಗೇ ಚಾಚಿ, ಉಸಿರು ಹತೋಟಿಗೆ ಬರುವವರೆಗೆ ತಾಳುವುದು. ಕೂಗುವುದು, ಈಸುವುದು ಆ ಬಳಿಕ.

2019ರ ಆಗಸ್ಟಿನ ನೆರೆಯಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮುನವಳ್ಳಿಯನ್ನು ಹೊಕ್ಕಾಗ, ಹೊಳೆ ತನ್ನ ಹಳೆಯ ಮುಖವನ್ನು ಮತ್ತೊಮ್ಮೆ ತೋರಿಸಿತು. ಪಂಚಲಿಂಗೇಶ್ವರನ ದರ್ಶನಕ್ಕೆಂದು ಮಕ್ಕಳೊಡನೆ ಬಂದ ಸಂಸಾರಗಳು ದಂಡೆಯಲ್ಲಿ ಕೈಕಾಲು ತೊಳೆಯುವಾಗ ಇದನ್ನು ನೆನೆಯುವುದೊಳಿತು. ನೀರು ಮನುಷ್ಯನನ್ನು ಹೊರಲು ಒಲ್ಲೆನೆನ್ನುವುದಿಲ್ಲ; ಆದರೆ ಅದು ಹೊರುವುದು ಒಂದು ಉಸಿರಿನಷ್ಟೇ ಅಂತರದಲ್ಲಿ.