ತುಣುಕು ಒಂದು, ಬ್ಯಾಕಪ್ ನೂರು

ಒಂದೇ ದತ್ತಾಂಶವನ್ನು ಎರಡು ಸಲ ಬರೆಯದ ಬ್ಯಾಕಪ್ ಆರ್ಕೈವ್ ಕಟ್ಟುವಾಗ ಮೊದಲು ತೀರ್ಮಾನವಾಗಬೇಕಾದ್ದು ಕಡತವನ್ನು ಎಲ್ಲಿ ಕತ್ತರಿಸಬೇಕು ಎಂಬುದು. ಯಡ್ತರೆಯಂಥ ಊರಿನ ಫೋಟೊ ಸ್ಟುಡಿಯೊವನ್ನೇ ತೆಗೆದುಕೊಳ್ಳಬಹುದು. ಒಂದೇ ಮದುವೆಯ ಚಿತ್ರಗಳು ಕ್ಯಾಮೆರಾದಿಂದ ಇಳಿಸಿದ ಫೋಲ್ಡರಿನಲ್ಲೂ ಆಲ್ಬಮ್ಮಿಗೆ ಆರಿಸಿದ ಫೋಲ್ಡರಿನಲ್ಲೂ ಇರುತ್ತವೆ. ವಾರವಾರ ಬ್ಯಾಕಪ್ ತೆಗೆದರೆ ಅವೇ ಮತ್ತೆ ಮತ್ತೆ ಡಿಸ್ಕ್ ತುಂಬುತ್ತವೆ.

ಹಳೆಯ ಆರ್ಕೈವ್ ವಿನ್ಯಾಸಗಳಿಗೆ ಈ ನಕಲು ಕಾಣುವುದಿಲ್ಲ. 1979ರ ಟಾರ್ ಹುಟ್ಟಿದ್ದು ಟೇಪಿಗಾಗಿ. 1989ರ ಜಿಪ್ ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಕುಗ್ಗಿಸುತ್ತದೆ. ಜಿಜಿಪ್‌ನ ನೋಟ ಹಿಂದಕ್ಕೆ 32 ಕಿಲೋಬೈಟಿನಷ್ಟೇ.

ಕಡತವನ್ನು ಸರಿಸಮ ಅಳತೆಗೆ ಕತ್ತರಿಸುವುದು ಸುಲಭ, ಆದರೆ ಬಲು ಬೇಗ ಸೋಲುತ್ತದೆ. ಚಿತ್ರದ ತಲೆಭಾಗದ ಮಾಹಿತಿಗೆ ವಧೂವರರ ಹೆಸರು ಸೇರಿಸಿದರೆ ಅದರ ನಂತರದ ಬೈಟುಗಳೆಲ್ಲ ಸರಿದು, ಪ್ರತಿ ತುಣುಕೂ ಹೊಸದಾಗಿ ಕಾಣುತ್ತದೆ. ಇದಕ್ಕೆ ಸಿಕ್ಕ ಉತ್ತರ ಈ ಕಸುಬಿನಲ್ಲೇ ಅತ್ಯಂತ ಚೆಲುವಾದದ್ದು: ಕತ್ತರಿಸುವ ಜಾಗವನ್ನು ಕಡತದ ಒಳಗಿನ ಬೈಟುಗಳೇ ಹೇಳಲಿ. ಗದ್ದೆಯ ಅಂಚು ಟೇಪು ಹಿಡಿದು ಅಳೆದಂತೆ ಇರದೆ ನೆಲದ ಇಳಿಜಾರನ್ನು ಅನುಸರಿಸಿದ ಹಾಗೆ. ಮೈಕೆಲ್ ರಾಬಿನ್ 1981ರಲ್ಲಿ ವಿವರಿಸಿದ ಬೆರಳಚ್ಚಿನ ಗಣಿತವನ್ನು 2001ರ ಎಲ್‌ಬಿಎಫ್‌ಎಸ್ ಎಂಬ ಜಾಲ ಕಡತವ್ಯವಸ್ಥೆ ಹೀಗೆ ಬಳಸಿತು: 48 ಬೈಟಿನ ಕಿಟಕಿ ಕಡತದ ಮೇಲೆ ಬೈಟು ಬೈಟಾಗಿ ಜರುಗುತ್ತದೆ, ಪ್ರತಿ ಹೆಜ್ಜೆಗೂ ಒಂದು ಸಂಖ್ಯೆ ಬರುತ್ತದೆ, ಅದರ ಕೊನೆಯ 13 ಬಿಟ್‌ಗಳು ಗೊತ್ತುಪಡಿಸಿದ ಬೆಲೆಗೆ ಹೊಂದಿದಲ್ಲಿ ಗಡಿ ಬೀಳುತ್ತದೆ. ಹಾಗಾಗಿ ತುಣುಕಿನ ಸರಾಸರಿ ಗಾತ್ರ ಸುಮಾರು 8 ಕಿಲೋಬೈಟ್. ಹೆಸರು ಸೇರಿದರೆ ಬದಲಾಗುವುದು ಆ ಒಂದೆರಡು ತುಣುಕು. ಮುಂದಿನ ಗಡಿಗಳು ತಮ್ಮ ಬೈಟುಗಳ ಜೊತೆಗೇ ಸರಿದು ಮತ್ತೆ ಹೊಂದಿಕೊಳ್ಳುತ್ತವೆ. (ಚಿತ್ರವನ್ನು ತಿದ್ದಿ ಜೆಪೆಗ್ ಆಗಿ ಮತ್ತೆ ಉಳಿಸಿದರೆ ಮಾತ್ರ ಈ ಉಪಾಯ ನಡೆಯದು, ಒಳಗಿನ ಬೈಟುಗಳೇ ಬೇರೆಯಾಗಿರುತ್ತವೆ.)

ತುಣುಕು ಚಿಕ್ಕದಾದಷ್ಟೂ ಹೆಚ್ಚು ನಕಲು ಸಿಗುತ್ತದೆ, ಆದರೆ ಯಾವ ತುಣುಕು ಈಗಾಗಲೇ ಇದೆ ಎಂದು ಗುರುತಿನಿಂದ ಹೇಳುವ ಸೂಚಿ ಉಬ್ಬುತ್ತದೆ. ಒಂದು ಟೆರಾಬೈಟನ್ನು 8 ಕಿಲೋಬೈಟಿನಂತೆ ಕತ್ತರಿಸಿದರೆ 13 ಕೋಟಿಗೂ ಮಿಕ್ಕಿ ತುಣುಕು. ಪ್ರತಿಯೊಂದಕ್ಕೂ ಎಸ್‌ಎಚ್‌ಎ-256ರ 32 ಬೈಟಿನ ಗುರುತು (ಹ್ಯಾಶ್) ಎಂದರೆ ಗುರುತುಗಳೇ 4 ಗಿಗಾಬೈಟ್. ಮ್ಯಾಟ್ ಮಹೋನಿ ರೂಪಿಸಿದ ಜಡ್‌ಪ್ಯಾಕ್ ಎಂಬ ಆರ್ಕೈವರ್ ಸರಾಸರಿ 64 ಕಿಲೋಬೈಟನ್ನು ಆರಿಸಿಕೊಂಡಿತು. ಮನೆ, ಅಂಗಡಿಯ ಕಂಪ್ಯೂಟರಿಗೆ ಅದೇ ಹದವಾದ ಅಳತೆ. ಜಡ್‌ಪ್ಯಾಕ್ ನೆಚ್ಚಿದ್ದು ಎಸ್‌ಎಚ್‌ಎ-1 ಗುರುತನ್ನು. ಒಂದೇ ಗುರುತಿನ ಎರಡು ಬೇರೆ ಪಿಡಿಎಫ್‌ಗಳನ್ನು 2017ರಲ್ಲಿ ತಯಾರಿಸಿ ತೋರಿಸಿದ ಮೇಲೆ, ಹೊಸ ವಿನ್ಯಾಸಕ್ಕೆ ಎಸ್‌ಎಚ್‌ಎ-256ಕ್ಕಿಂತ ಕಡಿಮೆಯದು ಸಲ್ಲದು.

ಜಡ್‌ಪ್ಯಾಕ್‌ನಿಂದ ಕಲಿಯಬೇಕಾದ್ದು ಬರೆಯುವ ಶಿಸ್ತನ್ನು. ಹಳೆಯ ಬೈಟುಗಳನ್ನು ಮುಟ್ಟದೆ ಹೊಸದನ್ನು ಕೊನೆಗೇ ಸೇರಿಸುತ್ತದೆ. ಪ್ರತಿ ಸೇರ್ಪಡೆಯ ತಲೆಯಲ್ಲಿ ಮೊದಲು ‘ಮುಗಿದಿಲ್ಲ’ ಎಂಬ ಗುರುತಿರುತ್ತದೆ. ಎಲ್ಲ ಬರೆದಾದ ಮೇಲೆ ಅಲ್ಲಿ ನಿಜವಾದ ಗಾತ್ರ ಬೀಳುತ್ತದೆ. ಆಟಿಯ ಮಳೆಯಲ್ಲಿ ನಡುವೆ ಕರೆಂಟು ಹೋದರೆ ಅರ್ಧ ಬರೆದದ್ದನ್ನು ಮುಂದಿನ ಸಲ ಕಡೆಗಣಿಸಲಾಗುತ್ತದೆ, ಹಿಂದಿನ ಬ್ಯಾಕಪ್‌ಗಳು ಇದ್ದಂತೆಯೇ ಉಳಿಯುತ್ತವೆ. ಬಿಚ್ಚುವ ಕ್ರಮವನ್ನೂ ಆರ್ಕೈವಿನೊಳಗೇ ಬರೆದಿಡುವುದು ಅದರ ಇನ್ನೊಂದು ದೂರದೃಷ್ಟಿ.

ಕನ್ನಡದ ಕಡತನಾಮಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ‘ಬೈಂದೂರು’ 21 ಬೈಟ್. ಅದರ ಐತ್ವವನ್ನು ಎರಡು ಸಂಕೇತಗಳಾಗಿ ಬಿಡಿಸಿಟ್ಟರೆ 24. ಪರದೆಯ ಮೇಲೆ ಎರಡೂ ಒಂದೇ, ಆರ್ಕೈವಿಗೆ ಎರಡು ಹೆಸರು. ಬಂದ ಬೈಟುಗಳನ್ನು ತಿದ್ದದೆ ಇಟ್ಟು, ಹೋಲಿಸುವಾಗ ಮಾತ್ರ ಒಂದೇ ರೂಪಕ್ಕೆ ತರುವುದು ಸರಿಯಾದ ದಾರಿ.

ಈ ಉಳಿತಾಯಕ್ಕೊಂದು ಅಪಾಯವೂ ಇದೆ: ನೂರು ಬ್ಯಾಕಪ್‌ಗಳು ಹಂಚಿಕೊಂಡ ತುಣುಕು ಕೆಟ್ಟರೆ ನೂರರಲ್ಲೂ ಆ ಕಡತ ಹೋಗುತ್ತದೆ. ಆದ್ದರಿಂದ ಆರ್ಕೈವಿನ ಎರಡನೆಯ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇಡಬೇಕು. ಆಗಾಗ ಖಾಲಿ ಡಿಸ್ಕಿಗೆ ಪೂರ್ತಿ ಬಿಚ್ಚಿ ಗುರುತುಗಳನ್ನು ತಾಳೆ ನೋಡಬೇಕು.