ಹೊದಿಕೆಯ ವಿಚಾರ

ಕಲಬುರಗಿಯಲ್ಲಿ ಚಳಿ ಬೀಳುತ್ತದೆ ಎಂದರೆ ಬೆಂಗಳೂರು, ಮೈಸೂರಿನ ಗೆಳೆಯರು ನಗುತ್ತಾರೆ. ನಮ್ಮೂರ ಬಿಸಿಲಿನ ಕೀರ್ತಿ ಅಷ್ಟು ದೂರ ಹಬ್ಬಿದೆ. ಮೇ ತಿಂಗಳ 42 ಡಿಗ್ರಿಯ ಸುದ್ದಿ ಓದಿದವರಿಗೆ ಇಲ್ಲಿಯ ಡಿಸೆಂಬರಿನ ಬೆಳಗು ಗೊತ್ತಿರುವುದಿಲ್ಲ. ಮರವಿಲ್ಲದ ಬಯಲು, ಒಣಗಾಳಿ, ಮೋಡವಿಲ್ಲದ ಆಕಾಶ. ಹಗಲು ಎಷ್ಟು ಬೇಗ ಕಾಯುತ್ತದೆಯೋ ರಾತ್ರಿ ಅಷ್ಟೇ ಬೇಗ ತಣಿಯುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ಸಜ್ಜೆರೊಟ್ಟಿ ಉಂಡು ಮನೆಗೆ ಬಂದವರು ಮೊದಲು ಹುಡುಕುವುದು ಹೊದಿಕೆಯನ್ನು.

ಹೋದ ವರ್ಷ ನಮ್ಮ ಮನೆಯಲ್ಲಿ ಈ ವಿಚಾರ ಶ್ರಾವಣದಲ್ಲಿಯೇ ಎದ್ದಿತು. ಮಗಳಿಗೆ ಬೆಂಗಳೂರಿನಲ್ಲಿ ಓದಲು ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ಬಕೀಟು, ಬೀಗ, ಚಾದರಗಳ ಕೆಳಗೆ ‘ಕಂಫರ್ಟರ್, ಒಂದು’ ಎಂದಿತ್ತು. ಕನ್ನಡದ ಮೇಷ್ಟ್ರಾದ ನಾನು ಆ ಮಾತನ್ನು ಎರಡು ಸಲ ಓದಿಕೊಂಡು, ಮನೆಯಾಕೆಯೊಡನೆ ಸೂಪರ್ ಮಾರ್ಕೆಟ್ಟಿನ ಕಡೆ ಹೊರಟೆ.

ಅಂಗಡಿಯ ಹುಡುಗ ನಮಗೆ ಪಾಠ ಹೇಳಿದ. ಮೇಲೆ ಕೆಳಗೆ ಬಟ್ಟೆ, ನಡುವೆ ಅರಳೆಯಂಥದ್ದು, ಎಲ್ಲವನ್ನೂ ಸೇರಿಸಿ ಹೊಲಿದು ಮುಗಿಸಿದ್ದು ಕಂಫರ್ಟರ್. ಒಳಗಿನ ಮೆತ್ತೆ ಬೇರೆ, ದಿಂಬಿಗೆ ಹಾಕುವಂತೆ ಅದಕ್ಕೊಂದು ಗವಸು ಬೇರೆ ಆದರೆ ಅದು ಡೂವೆ. ಗವಸನ್ನಷ್ಟೇ ಒಗೆದರೆ ಸಾಕು ಎಂಬುದು ಡೂವೆಯ ಸುಖ. ಮೆತ್ತೆ ಗವಸಿನೊಳಗೆ ಒಂದು ಮೂಲೆಗೆ ಜಾರಿ ಕೂಡುತ್ತದೆ ಎಂಬುದು ಅದರ ದುಃಖ. ಚಳಿದೇಶಗಳಲ್ಲಿ ಬಾತುಕೋಳಿಯ ಎದೆಯ ಮೃದುವಾದ ತುಪ್ಪುಳು ತುಂಬುತ್ತಾರೆ. ನಮ್ಮ ಪೇಟೆಗೆ ಬರುವುದರಲ್ಲಿ ಹೆಚ್ಚಿನದು ಪಾಲಿಯೆಸ್ಟರಿನ ಎಳೆ. ಚೀಟಿಯ ಮೇಲೆ ಜಿಎಸ್‌ಎಂ ಎಂದು ಬರೆದಿರುತ್ತದೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ನಮ್ಮ ಕಡೆಗೆ 150ರಿಂದ 200 ಧಾರಾಳ. ಮುನ್ನೂರು ನಾನೂರು ಹಿಮ ಬೀಳುವವರಿಗೆ, ಇಲ್ಲವೆ ದುಡ್ಡು ಕೊಟ್ಟು ಕೋಣೆಯನ್ನು ಕೊರೆಯುವಂತೆ ಮಾಡಿಕೊಂಡು ಮತ್ತೆ ದುಡ್ಡು ಕೊಟ್ಟು ಹೊದ್ದುಕೊಳ್ಳುವವರಿಗೆ.

ಬೆಚ್ಚಗಿಡುವುದು ಅರಳೆಯಲ್ಲ, ಅರಳೆಯೊಳಗೆ ಸಿಕ್ಕಿಕೊಂಡ ಗಾಳಿ. ಇದು ಪಿಂಜಾರರಿಗೆ ಯಾವ ಶಾಲೆಗೂ ಹೋಗದೆ ಗೊತ್ತಿತ್ತು. ಎರಡು ಮೂರು ವರ್ಷ ಮೈಭಾರ ಬಿದ್ದು, ಬೆವರು ಕುಡಿದು ಗಂಟುಕಟ್ಟಿದ ಗಾದಿ, ರಜಾಯಿಗಳನ್ನು ಬಿಚ್ಚಿ, ಆಳೆತ್ತರದ ಬಿಲ್ಲನ್ನು ತೂಗುಹಾಕಿ, ಅದರ ಹೆದೆಗೆ ಮರದ ಕೊಡತಿಯಿಂದ ಹೊಡೆಯುತ್ತಿದ್ದರು. ನಾವು ಹುಡುಗರು ಆ ‘ಟಂಯ್ ಟಂಯ್’ ಕೇಳಿ ಓಡುತ್ತಿದ್ದೆವು. ಕಲ್ಲಾದ ಅರಳೆ ಗಳಿಗೆಯಲ್ಲಿ ಮೋಡವಾಗುತ್ತಿತ್ತು. ಈಗ ಆ ಕೆಲಸ ಯಂತ್ರದ್ದು. ಅರಳೆಯೂ ಬೇರೆ. ಗಿಡ್ಡ ಎಳೆಯ ಒರಟು ನಾಟಿ ಹತ್ತಿ ಹಾಸಿಗೆಗೆ ಹೇಳಿ ಮಾಡಿಸಿದಂತಿತ್ತು, ಅದು ಪುಟಿದೇಳುತ್ತದೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ನಾಟಿ ಹತ್ತಿಯ ಹೊಲ ಕಾಣುವುದೇ ಅಪರೂಪ. ನೂಲಿಗೆ ಒಳ್ಳೆಯದಾದ ಉದ್ದ ಎಳೆ ರಜಾಯಿಗೂ ಒಳ್ಳೆಯದಾಗಬೇಕೆಂದಿಲ್ಲ.

ಅಂತೂ ಕಂಫರ್ಟರ್ ಕೊಂಡೆವು. ಮರುದಿನ ಅದನ್ನು ತೋರಿಸಲು ಕಮಲಾಪುರಕ್ಕೆ ಹೋದೆವು. ಹುಮನಾಬಾದ್ ರಸ್ತೆಯ ಮೇಲಿನ, ಕೆಂಪು ಬಾಳೆಗೆ ಹೆಸರಾದ ಈ ಊರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಅವ್ವ ಹೊದಿಕೆಯನ್ನು ಕೈಯಲ್ಲಿ ಹಿಡಿದು ತೂಗಿದಳು.

“ಹಗರ ಅದ. ಒಯ್ಯಲಿ, ಬ್ಯಾಡ ಅನ್ನಲ್ಲ. ಖರೆ ಒಂದ್ ಕೌದಿ ನಾ ಹೊಲಿದು ಕೊಡ್ತೀನಿ. ಹಳೀ ಅರಿವಿ ತಂದು ಕೊಡ್ರಿ.”

ಕೌದಿಗೆ ಬೇಕಾದದ್ದು ಹಳೆಯ ಬಟ್ಟೆ. ಹರಿದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಬರಬೇಕು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಪ್ರದರ್ಶನಗೊಂಡವು. ಸಂತೋಷವೇ. ಅದನ್ನು ಕಂಡು ಈಗ ಪೇಟೆಯಲ್ಲಿ ಹೊಸ ಬಟ್ಟೆ ಕತ್ತರಿಸಿ ಹೊಲಿದ ಕೌದಿಗಳನ್ನೂ ಮಾರುತ್ತಾರೆ. ನನ್ನ ಮಟ್ಟಿಗೆ ಅವು ಕೌದಿಯಲ್ಲ. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಮೈಗೆ ಕೊಡುವ ಹಿತವನ್ನು ಥಾನಿನಿಂದ ಕತ್ತರಿಸಿದ ಬಟ್ಟೆ ಎಲ್ಲಿಂದ ಕೊಟ್ಟೀತು?

ಮನೆಯಾಕೆ ಕಪಾಟು ಬರಿದು ಮಾಡಿ ಎರಡು ಚೀಲ ಸೀರೆ ತಂದಳು. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಬೆರಳಿನಿಂದಲೇ ಒಂದೊಂದನ್ನೂ ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ಇಪ್ಪತ್ತರಲ್ಲಿ ಒಂದೂ ಪಾಸಾಗಲಿಲ್ಲ.

“ಇವು ಹರಿಯಲ್ಲ, ಹಳೀವು ಆಗಲ್ಲ, ಸೂಜಿ ಇಳಿಯಲ್ಲ. ಇದರಾಗ ಹ್ಯಾಂಗ ಹೊಲೀಲಿ?”

ಹೊಲಿಯುವವರು ಇಲ್ಲವಾಗಿ ಕೌದಿ ಹೋಗುತ್ತಿದೆಯೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಹೊಲಿಯುವವಳು ಎದುರಿಗೇ ಕೂತಿದ್ದಳು. ಇಲ್ಲದ್ದು ಹಳೆಯದಾಗಬಲ್ಲ ಬಟ್ಟೆ. ಅವಳ ಇಳಕಲ್ ಸೀರೆಗಳೆಲ್ಲ ನಮ್ಮ ಬಾಲ್ಯದ ಕೌದಿಗಳಿಗೆ ಸೇರಿ ಮುಗಿದಿದ್ದವು. ಈಗ ಅವಳು ಉಡುವುದು ನಾವೇ ದೀಪಾವಳಿಗೆ ಕೊಂಡು ಕೊಡುವ ಸುಕ್ಕಾಗದ ಸೀರೆ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಎದ್ದು ಟ್ರಂಕು ತೆರೆದಳು. ಅಪ್ಪನ ಎಂಟು ಧೋತರ, ಬೇವಿನೆಲೆಯ ವಾಸನೆ. ನೆರೆಮನೆಯ ಹಿರಿಯಾಕೆ ಅಲ್ಲಿಯೇ ಕೂತಿದ್ದರು. “ಊರು ಬಿಟ್ಟು ಓದ್ಲಾಕ ಹೊಂಟ ಹುಡುಗಿಗಿ ಸತ್ತವರ ಅರಿವಿ ಹೊಚ್ತಾರೇನ ಅಕ್ಕಾ?” ಎಂದರು. ಮಾತು ಕೆಟ್ಟ ಮನಸ್ಸಿನದಲ್ಲ. ನಮ್ಮಲ್ಲಿ ಹಾಗೆ ನಂಬುವವರು ಇದ್ದಾರೆ. ನಾನು ಮನೆಯಾಕೆಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಸತ್ತವರ ಅರಿವಿ ಅಲ್ಲ ಇದು,” ಎಂದಳು ಅವ್ವ, “ಆಕಿ ಅಜ್ಜನ ಅರಿವಿ.”

ಅದರ ಮೇಲೆ ಯಾರೂ ಮಾತಾಡಲಿಲ್ಲ. ಏಳು ಧೋತರ ಹೊರಗೆ ಬಂದವು. ಒಂದನ್ನು ಮಡಿಸಿ ಟ್ರಂಕಿನಲ್ಲಿಯೇ ಇಟ್ಟಳು.

ಆಮೇಲಿನ ಎರಡು ತಿಂಗಳು ಪ್ರತಿ ಭಾನುವಾರ ನಾವು ಕಮಲಾಪುರಕ್ಕೆ ಹೋದೆವು. ಕಂಫರ್ಟರೇ ಆಗಬೇಕೆಂದು ಹಟ ಹಿಡಿದಿದ್ದ ಮನೆಯಾಕೆ ಹೊರಡುವ ಮುನ್ನ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದಳು. ಅವ್ವನಿಗೆ ಹೊಲಿಗೆಗೆ ಕಣ್ಣು ಬೇಡ. ಸೂಜಿಯ ಕಣ್ಣಿಗೆ ಮಾತ್ರ ಬೇಕು. ಬುಧವಾರಕ್ಕೆ ಸೂಜಿ ಮುಗಿದರೆ ಓಣಿಯ ಶಾಲೆಯ ಹುಡುಗಿಯೊಬ್ಬಳು ಪೋಣಿಸುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಅವ್ವ ಒಳಗೆ ನಾಲ್ಕು ಅಕ್ಕಿಕಾಳು ಹಾಕಿದಳು. ಕೌದಿಯ ಹೊಟ್ಟೆ ಬರಿದಿರಬಾರದಂತೆ. ದೀಪಾವಳಿ ಮುಗಿಸಿಕೊಂಡು ನಾನೇ ಅದನ್ನು ಬೆಂಗಳೂರಿಗೆ ಒಯ್ದೆ. ತೂಕ ನೋಡಿ ಬಸ್ಸಿನವನು ಲಗೇಜು ಕೇಳಿದ.

ಆರೈಕೆಯ ಮಾತು ಹೇಳಬೇಕು. ಕಂಫರ್ಟರನ್ನು ದೊಡ್ಡ ಯಂತ್ರದಲ್ಲಿ, ತಣ್ಣೀರಿನಲ್ಲಿ, ಸ್ವಲ್ಪವೇ ಸೋಪು ಹಾಕಿ ಒಗೆಯಬಹುದು. ಪೂರಾ ಒಣಗದಿದ್ದರೆ ಒಳಗಿನ ಎಳೆ ಉಂಡೆಗಟ್ಟಿ ವಾಸನೆ ಬರುತ್ತದೆ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು, ಹಳೆಯ ಚಾದರದಲ್ಲಿ ಸುತ್ತಿಡಬೇಕು. ಅರಳೆಯ ರಜಾಯಿಗೆ ನೀರು ಸೋಕಿಸಲೇ ಬಾರದು, ಬಿಸಿಲೇ ಅದರ ಸ್ನಾನ. ಕೌದಿಗೆ ಎರಡೂ ಬೇಕು. ತಿಂಗಳಿಗೊಮ್ಮೆ ಬಿಸಿಲು, ವರ್ಷಕ್ಕೊಮ್ಮೆ, ಮಹಾನವಮಿಗೆ ಮುಂಚೆ, ನೀರು. ನೆಂದ ಕೌದಿ ಒಬ್ಬರ ಕೈಗೆ ಏಳುವುದಿಲ್ಲ. ಆಚೆ ಒಬ್ಬರು ಈಚೆ ಒಬ್ಬರು ಹಿಡಿದು ಹಿಂಡಬೇಕು.

ಮಗಳ ಹಾಸ್ಟೆಲಿನಲ್ಲಿ ಮಾಳಿಗೆಗೆ ಬೀಗ. ಅವಳ ಕಿಟಕಿಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ಬಿಸಿಲು. ಒಂದು ಭಾನುವಾರ ಕೌದಿಯ ಅರ್ಧ, ಮುಂದಿನ ಭಾನುವಾರ ಇನ್ನರ್ಧ ಹೊರಗೆ ಚಾಚುತ್ತಾಳಂತೆ. ಕಂಫರ್ಟರ್ ಏನಾಯಿತೆಂದು ಅವಳ ತಾಯಿ ಕೇಳಿದರೆ, “ಅದನ್ನ ಕೆಳಗ ಹಾಸ್ಕೊಂಡೀನಿ, ಗಾದಿ ಭಾಳ ಬಿರಸು ಅದ” ಎಂದಳು. ಅವ್ವ ಫೋನು ಇಸಿದುಕೊಂಡು, ಮಹಾನವಮಿಗೆ ಬರುವಾಗ ಕೌದಿ ಮರೆಯದೆ ತರಬೇಕೆಂದು ಹೇಳಿದಳು. ಹಿಂಡಲಿಕ್ಕೆ ಒಂದು ಕಡೆ ತಾನು ಹಿಡಿಯುತ್ತಾಳಂತೆ.