82 ಡಿಗ್ರಿಯ ಬಾಗಿಲು

ನಮ್ಮ ಮಾವನವರು ರಾಯಚೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಡಿಪೋ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಊರವರ ಅಂಬಾಸಡರ್, ಪದ್ಮಿನಿಗಳನ್ನೂ ನೋಡಿಕೊಡುತ್ತಿದ್ದರು. ಮೇ ತಿಂಗಳ ರಾಯಚೂರು ಹೇಗಿರುತ್ತದೆಂದು ಗೊತ್ತಲ್ಲ, 42–43 ಡಿಗ್ರಿ. ಗಾಡಿ ಕುದಿಯುತ್ತಿದೆ ಎಂದು ಯಾರಾದರೂ ಬಂದರೆ ಅವರು ಮೊದಲು ಇಂಜಿನ್ನಿನಿಂದ ಥರ್ಮೋಸ್ಟಾಟನ್ನು, ಅಂದರೆ ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಬಾಗಿಲನ್ನು, ಕಿತ್ತು ಹೊರಗಿಡುತ್ತಿದ್ದರು. ಮುಚ್ಚಳ ಬಿಗಿದು, ರೇಡಿಯೇಟರಿಗೆ ನೀರು ತುಂಬಿ, "ಇನ್ನ ನಡೀರಿ, ಏನೂ ಆಗಂಗಿಲ್ಲ" ಎಂದು ಕಳಿಸುತ್ತಿದ್ದರು. ಗಾಡಿ ಮತ್ತೆ ಕುದಿಯುತ್ತಿರಲಿಲ್ಲ. ಇದು ಅವರೊಬ್ಬರ ಪದ್ಧತಿಯಲ್ಲ. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ಕುಗಳಲ್ಲಿ ಬಹಳ ಜನ ಹಾಗೇ ಮಾಡುತ್ತಿದ್ದರು. ಬಿಸಿಲ ನಾಡಿನಲ್ಲಿ ಇಂಜಿನ್ ಬೆಚ್ಚಗಿಡುವ ಸಾಮಾನು ಯಾತಕ್ಕೆ ಎನ್ನುವುದು ಅವರ ಪ್ರಶ್ನೆ.

ಅಂಥವರು 2016ರ ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಅತ್ತೆಯವರ ಜೊತೆ ಅಮೆರಿಕದ ಮಿನ್ನೆಸೋಟಕ್ಕೆ ಬಂದಿಳಿದರು. ನಾವಿದ್ದದ್ದು ಮಿನಿಯಾಪೊಲಿಸ್ ಪಕ್ಕದ ಬಡಾವಣೆಯಲ್ಲಿ. ಡಿಸೆಂಬರ್ ನಡುವಿಗೆ ಅಲ್ಲಿ ಸೊನ್ನೆಯ ಕೆಳಗೆ 20 ಡಿಗ್ರಿ ಅನ್ನುವುದು ಯಾರೂ ಎರಡನೇ ಸಲ ಹೇಳದ ಮಾತು. ಮಗು ಹುಟ್ಟಿತು, ಹೆಣ್ಣು. ಹಸುಗೂಸನ್ನು ಮೊದಲ ವಾರಗಳಲ್ಲಿ ಮೇಲಿಂದ ಮೇಲೆ ಡಾಕ್ಟರಿಗೆ ತೋರಿಸಬೇಕು. ನಮಗಿದ್ದದ್ದು ಒಂದೇ ಕಾರು, 2007ರ ಪ್ರಿಯಸ್ ಹೈಬ್ರಿಡ್.

ಆ ಕಾರು ನಮ್ಮನ್ನು ವರ್ಷಗಟ್ಟಲೆ ಒಂದು ದಿನವೂ ದಾರಿಯಲ್ಲಿ ಬಿಟ್ಟಿರಲಿಲ್ಲ. ಆ ಚಳಿಗಾಲದಲ್ಲಿ ಮಾತ್ರ ಅದರ ನಡೆ ಬದಲಾಯಿತು. ಕೆಂಪು ದೀಪದಲ್ಲಿ ನಿಂತರೆ ಸುಮ್ಮನಾಗುತ್ತಿದ್ದ ಇಂಜಿನ್ ಈಗ ನಿಂತಲ್ಲೂ ಗುರುಗುಡುತ್ತಲೇ ಇರುತ್ತಿತ್ತು. ಮೈಲೇಜು ಇಳಿಯಿತು. ಹೀಟರಿನಿಂದ ಬರುವ ಗಾಳಿ ಉಗುರುಬೆಚ್ಚಗೆ. ಹೆದ್ದಾರಿಗೆ ಹೋದರೆ ಅದೂ ತಣ್ಣಗಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಬಾಣಂತಿ, ಪಕ್ಕದಲ್ಲಿ ಮೂರು ಕಿಲೋದ ಕೂಸು, ಗಾಜಿನ ಒಳಗಡೆಯೇ ಹಿಮದ ಪೊರೆ. ಒಂದು ದಿನ ಇಂಜಿನ್ ದೀಪವೂ ಹೊತ್ತಿಕೊಂಡಿತು. ನನ್ನ ಹತ್ತಿರ ಕೋಡ್ ಓದುವ ಸಣ್ಣ ಉಪಕರಣವಿತ್ತು, ಚುಚ್ಚಿ ನೋಡಿದೆ. ಪಿ0128. ಥರ್ಮೋಸ್ಟಾಟ್ ಕಾಯಬೇಕಾದ ಶಾಖಕ್ಕೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಏರುತ್ತಿಲ್ಲ ಎಂದು ಅರ್ಥ. ಓಡಿಸುವಾಗ ಅದಕ್ಕೆ ಜೋಡಿಸಿದ ಫೋನಿನಲ್ಲಿ ನೋಡಿದರೆ ಕೂಲಂಟ್ 55, 58 ಡಿಗ್ರಿಯ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು.

ಇಲ್ಲಿ ಹೈಬ್ರಿಡ್ಡಿನ ಸ್ವಭಾವ ಸ್ವಲ್ಪ ಹೇಳಬೇಕು. ಅದರ ಉಳಿತಾಯವೆಲ್ಲ ಇರುವುದು ಇಂಜಿನ್ ವಿಶ್ರಾಂತಿ ಪಡೆಯುವುದರಲ್ಲಿ. ಆದರೆ ತಣ್ಣಗಿರುವ ಇಂಜಿನ್ನಿಗೆ ಕಂಪ್ಯೂಟರ್ ವಿಶ್ರಾಂತಿ ಕೊಡುವುದಿಲ್ಲ. ತಣ್ಣನೆಯ ಇಂಜಿನ್ನಿನ ಹೊಗೆ ಕೊಳಕು, ಅದನ್ನು ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಕೂಡ ಬಿಸಿಯಾದಾಗಲೇ ಕೆಲಸ ಮಾಡುವುದು. ಆ ಮಾದರಿಯ ಪ್ರಿಯಸ್‌ನಲ್ಲಿ ಕೂಲಂಟ್ ಸುಮಾರು 70 ಡಿಗ್ರಿ ದಾಟಿದ ಮೇಲೆಯೇ ಇಂಜಿನ್ ನಿರಾಳವಾಗಿ ನಿಂತು ಹೊರಡುವ ಆಟಕ್ಕೆ ಬರುತ್ತದೆ. ಒಳಗಿರುವವರಿಗೆ ಹೀಟರ್ ಬೇಕೆಂದರೂ ಅದೇ ಕೂಲಂಟಿನ ಶಾಖವೇ ಆಧಾರ. ಹೀಗಾಗಿ ಸಾಧಾರಣ ಕಾರಿನಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡು ಕೆಟ್ಟರೆ ಒಳಗೆ ಚಳಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ. ಹೈಬ್ರಿಡ್ಡಿನಲ್ಲಿ ಕೆಟ್ಟರೆ ಅದು ಹೈಬ್ರಿಡ್ ಆಗಿ ಉಳಿಯುವುದೇ ಇಲ್ಲ.

ಗ್ಯಾರೇಜೊಂದರಲ್ಲಿ ವಿಚಾರಿಸಿದೆ. ಅವರು ಹೇಳಿದ ಕೂಲಿ ಆ ಭಾಗದ ಬೆಲೆಯ ಹಲವು ಪಟ್ಟು. ಆಸ್ಪತ್ರೆಯ ಬಿಲ್ಲುಗಳು ಬರುತ್ತಿದ್ದ ಕಾಲ ಅದು. ರಾತ್ರಿ ಊಟಕ್ಕೆ ಕುಳಿತಾಗ ಮಾವನವರಿಗೆ ವಿಷಯ ಹೇಳಿದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ತಗದು ಒಗದುಬಿಡೂನು" ಎಂದವರು, ಕಿಟಕಿಯಾಚೆ ಒಮ್ಮೆ ನೋಡಿ, "ಇಲ್ಲಿ ಹಂಗ ಮಾಡಾಕ ಬರಂಗಿಲ್ಲೇನು?" ಎಂದು ಕೇಳಿದರು. ಅಲ್ಲಿಯೇ ತೀರ್ಮಾನವಾಯಿತು. ನಾವಿಬ್ಬರೂ ಸೇರಿ ಹೊಸದು ಕೂರಿಸುವುದು.

ಮರುದಿನ ಮನೆಯ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆತ್ತಿ ಕಾರು ಚಾಲೂ ಮಾಡಿದೆ. ಮಾವನವರು ನನ್ನ ಫೋನಿನ ಅಂಕಿಗಳನ್ನು ನೋಡಲೇ ಇಲ್ಲ. ರೇಡಿಯೇಟರಿನ ಮೇಲಿನ ಹೋಸಿನ ಮೇಲೊಂದು ಕೈ, ಕೆಳಗಿನದರ ಮೇಲೊಂದು ಕೈ ಇಟ್ಟು ನಿಂತರು. ಥರ್ಮೋಸ್ಟಾಟ್ ಸರಿಯಿದ್ದರೆ ಇಂಜಿನ್ ಕಾಯುವವರೆಗೆ ಕೆಳಗಿನ ಹೋಸು ತಣ್ಣಗೇ ಇರಬೇಕು. ಅವರ ಕೈಕೆಳಗೆ ಎರಡೂ ಒಟ್ಟೊಟ್ಟಿಗೆ, ನಿಧಾನಕ್ಕೆ ಬೆಚ್ಚಗಾಗುತ್ತಿದ್ದವು. "ಬಾಗ್ಲ ತಗದ ಉಳದೈತಿ" ಎಂದರು. ಜೀವಮಾನವಿಡೀ ಮುಚ್ಚಿಕೊಂಡು ಕೆಟ್ಟ ಥರ್ಮೋಸ್ಟಾಟುಗಳನ್ನು ಕಂಡವರು ಅವರು. ತೆರೆದುಕೊಂಡು ಕೆಟ್ಟದ್ದನ್ನು ನೋಡುತ್ತಿದ್ದದ್ದು ಅದೇ ಮೊದಲು.

ಥರ್ಮೋಸ್ಟಾಟ್, ಹೊಸ ರಬ್ಬರ್ ಉಂಗುರ, ಗುಲಾಬಿ ಬಣ್ಣದ ಸಿದ್ಧ ಕೂಲಂಟ್ ತರಿಸಿದೆವು. ಕೂಲಂಟಿನ ಅವಧಿಯೂ ಹೇಗೂ ಹತ್ತಿರ ಬಂದಿತ್ತು, ಪೂರ್ತಿ ಬದಲಿಸಿಬಿಡೋಣ ಎಂದು. ಕಾರನ್ನು ಒಂದು ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಬಾನೆಟ್ ಎತ್ತಿದಾಗ ನಾನು ಮೊದಲು ತೋರಿಸಿದ್ದು ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು. ಹಿಂದಿರುವ ಬ್ಯಾಟರಿ 201.6 ವೋಲ್ಟು, ಇನ್ವರ್ಟರ್ ಅದನ್ನು 500 ವೋಲ್ಟಿನವರೆಗೂ ಏರಿಸುತ್ತದೆ. ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಇನ್ವರ್ಟರಿನ ಕೂಲಂಟ್ ಕೂಡ ಬೇರೆಯೇ ಸುತ್ತು. ಮಾವನವರು ಮಾತಾಡದೆ ಆ ಕೇಬಲ್ಲುಗಳಿಗೆ ಕೈಮುಗಿದರು. ಬಸ್ಸಿನ 24 ವೋಲ್ಟಿನ ಜೊತೆ ಬದುಕಿದ ಮನುಷ್ಯ, ವಿದ್ಯುತ್ತಿಗೆ ಕೊಡಬೇಕಾದ ಮರ್ಯಾದೆ ಅವರಿಗೆ ನಾನು ಕಲಿಸಬೇಕಿರಲಿಲ್ಲ. ಕಾರಿನ ಕೀಲಿಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದೆ.

ಅವರಿಗೆ ನಿಜವಾಗಿ ಅಚ್ಚರಿಯಾದದ್ದು ಅದಾದ ಮೇಲೆ. ಅಮೆರಿಕದಲ್ಲಿ ಮಾರಿದ ಆ ಪೀಳಿಗೆಯ ಪ್ರಿಯಸ್‌ಗಳಲ್ಲಿ ಮುಂಭಾಗದ ಮೂಲೆಯಲ್ಲಿ ಸುಮಾರು ಮೂರು ಲೀಟರಿನ ಥರ್ಮಾಸ್ ಇದೆ. ನಿರ್ವಾತದ ಪದರವಿರುವ ಉಕ್ಕಿನ ಪಾತ್ರೆ. ಕಾರು ನಿಲ್ಲಿಸಿದಾಗ ಬಿಸಿ ಕೂಲಂಟನ್ನು ಅದರಲ್ಲಿ ತುಂಬಿಟ್ಟುಕೊಂಡು, ಮತ್ತೆ ಹೊರಡುವಾಗ ಪುಟ್ಟ ಪಂಪಿನಿಂದ ಇಂಜಿನ್ನಿಗೆ ಕೊಡುತ್ತದೆ. ಮೂರು ದಿನದವರೆಗೂ ಶಾಖ ಹಿಡಿದಿಡಬಲ್ಲದು. ಕಾರು ಮಂಜುಗಡ್ಡೆಯಾಗಿದ್ದರೂ ಅದರೊಳಗಿನ ದ್ರವ ಕೈ ಸುಡಬಹುದು. ಅದಕ್ಕೇ ಕೂಲಂಟ್ ಬಸಿಯುವ ಮುನ್ನ ಆ ಪಂಪಿನ ಕನೆಕ್ಟರ್ ಬಿಚ್ಚಿಡಬೇಕು. ಇಲ್ಲದಿದ್ದರೆ ಪಂಪು ತಾನಾಗಿಯೇ ಚಾಲೂ ಆಗಿ ಬಿಸಿ ಕೂಲಂಟ್ ಮೈಮೇಲೆ ಚಿಮ್ಮಬಹುದು. ಕನೆಕ್ಟರ್ ಬಿಚ್ಚಿ, ರೇಡಿಯೇಟರಿನಿಂದ ಬಸಿದೆವು. ಬಂದದ್ದು ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. ಆಮೇಲೆ ಪಾತ್ರೆಯ ಬಿರಡೆ ಸಡಿಲಿಸಿದಾಗ ಗುಲಾಬಿ ಧಾರೆಯ ಜೊತೆ ಹಬೆ ಎದ್ದಿತು. ಕೆಟ್ಟ ಥರ್ಮೋಸ್ಟಾಟಿನಿಂದಾಗಿ ಅದು ಅರೆಬೆಚ್ಚಗಿನದಷ್ಟೆ, ಆದರೂ ಆ ಚಳಿಯಲ್ಲಿ ಹಬೆ. ಹೊರಗೆ ಮೊಣಕಾಲುದ್ದ ಹಿಮ. ಮಾವನವರು ಕೈಗವಸು ತೆಗೆದು ಅಂಗೈಯನ್ನು ಹಬೆಯ ಮೇಲೆ ಹಿಡಿದರು. "ಅಲ್ರೀ, ರಾತ್ರಿಯಿಡೀ ಇದು ಬೆಚ್ಚಗ ಇಟ್ಕೊಂಡು ಕುಂತೈತಲ್ಲ!" ಇಂಜಿನ್ನಿಗೆ ತಣಿವು ಒದಗಿಸುವುದೇ ಬುದ್ಧಿವಂತಿಕೆ ಎಂದು ನಲವತ್ತು ವರ್ಷ ದುಡಿದವರಿಗೆ, ಶಾಖವನ್ನು ಹೀಗೆ ಕೂಡಿಡುವ ಯಂತ್ರ ಕಂಡು ಬಂದ ಸಂತೋಷ ನೋಡುವ ಹಾಗಿತ್ತು.

ಥರ್ಮೋಸ್ಟಾಟ್ ಇರುವ ಜಾಗ ಕೈಗೆ ಸಲೀಸಲ್ಲ. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ತೋಳು ತೂರಿಸಿ ಕಣ್ಣಿಗೆ ಕಾಣದ ನಟ್ಟನ್ನು ಬೆರಳಿನಿಂದ ಹುಡುಕಬೇಕು. ರಸ್ತೆಗೆ ಸುರಿಯುವ ಉಪ್ಪಿನಿಂದ ಅಲ್ಲಿನ ಕಾರುಗಳ ತಳದ ಬೋಲ್ಟುಗಳಿಗೆ ತುಕ್ಕು ಬೇಗ. ನಾನು ತೂರಿದೆ, ಅವರು ಹೊರಗಿನಿಂದ ಸಾಮಾನು ಕೊಟ್ಟರು, ಆಮೇಲೆ "ಬರ್ರಿ ಈ ಕಡಿ" ಎಂದು ತಾವೇ ಮಲಗಿದರು. ಅರವತ್ತೈದರ ಬೆರಳುಗಳು ಆ ನಟ್ಟನ್ನು ಒಂದೇ ಸಲಕ್ಕೆ ಗುರುತಿಸಿದವು.

ಹೊರಬಂದ ಥರ್ಮೋಸ್ಟಾಟನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅದರ ಬಿಲ್ಲೆ ಪೂರ್ತಿ ಕೂತಿರಲಿಲ್ಲ, ಅಂಚಿನಲ್ಲಿ ಸಣ್ಣ ಸಂದು. ಆದರೆ ಅವರು ನೋಡುತ್ತಿದ್ದದ್ದು ಆ ಸಂದನ್ನಲ್ಲ. "ಒಂಚೂರೂ ಸುಣ್ಣ ಹಿಡದಿಲ್ಲ ನೋಡ್ರಿ" ಎಂದಷ್ಟೇ ಹೇಳಿ ಜೇಬಿಗೆ ಹಾಕಿಕೊಂಡರು.

ಹೊಸದನ್ನು ಕೂರಿಸುವ ಮುನ್ನ ಪರೀಕ್ಷೆ ಮಾಡಬೇಕೆಂದು ನನ್ನ ಹಟ. ಅಷ್ಟು ಕಷ್ಟಪಟ್ಟು ತಲುಪುವ ಜಾಗಕ್ಕೆ ಅರೆನಂಬಿಕೆಯ ವಸ್ತು ಹಾಕಬಾರದು. ಅಡುಗೆಮನೆಯಲ್ಲಿ ಅತ್ತೆಯವರು ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದರು. ಮತ್ತೆ ಅಡುಗೆಗೆ ತರಬಾರದೆಂಬ ಕರಾರಿನ ಮೇಲೆ ಹಳೆಯ ಪಾತ್ರೆಯೊಂದು ಸಿಕ್ಕಿತು. ಹಳತು, ಹೊಸತು ಎರಡನ್ನೂ ದಾರ ಕಟ್ಟಿ ನೀರಿನಲ್ಲಿ ತೂಗುಬಿಟ್ಟು, ಪಾಕ ಅಳೆಯುವ ಥರ್ಮಾಮೀಟರ್ ಇಳಿಸಿದೆವು. 60, 70. ಹಳೆಯದು ಮೊದಲೇ ಬಾಯಿ ಬಿಟ್ಟುಕೊಂಡಿತ್ತು. ಹೊಸದು ಅಲುಗಲಿಲ್ಲ. 80 ಆಯಿತು. 82ರ ಹತ್ತಿರ ಹಿತ್ತಾಳೆಯ ಬಿಲ್ಲೆ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಕಣ್ಣಿಗೆ ಕಾಣುವ ಹಾಗೆ ಇಳಿಯುತ್ತ ಹೋಯಿತು. ಕಂಪನಿಯ ಲೆಕ್ಕ 80ರಿಂದ 84ರೊಳಗೆ ತೆರೆಯಲಾರಂಭಿಸಿ, 95ಕ್ಕೆ ಎಂಟೂವರೆ ಮಿಲಿಮೀಟರಿನಷ್ಟು ತೆರೆದಿರಬೇಕು.

ಒಲೆ ಆರಿಸಿ ತಣಿಯಲು ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಮಾವನವರು ಇನ್ನೊಮ್ಮೆ ಕಾಯಿಸಲು ಹೇಳಿದರು. ಎಷ್ಟೋ ಥರ್ಮೋಸ್ಟಾಟುಗಳನ್ನು ಕಿತ್ತ ಅವರು, ಅದು ತೆರೆಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಕರೆಂಟಿಲ್ಲ, ತಂತಿಯಿಲ್ಲ, ಕಂಪ್ಯೂಟರಿನ ಅಪ್ಪಣೆಯಿಲ್ಲ. ಒಳಗಿರುವುದು ಒಂದು ಚಿಟಿಕೆ ಮೇಣ. ಶಾಖ ಬೇಗ ಹರಡಲೆಂದು ಅದಕ್ಕೆ ತಾಮ್ರದ ಪುಡಿ ಬೆರೆಸಿರುತ್ತಾರೆ. ಮೇಣ ಕರಗುವಾಗ ಹಿಗ್ಗುತ್ತದೆ, ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ. ಗಟ್ಟಿಯಾದಾಗ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. 1930ರ ದಶಕದಲ್ಲಿ ಸರ್ಜಿಯಸ್ ವರ್ನೆ ಎಂಬ ಅಮೆರಿಕದ ಸಂಶೋಧಕ ರೂಪಿಸಿದ ಉಪಾಯ ಇದು. ಇಷ್ಟೊಂದು ಇಲೆಕ್ಟ್ರಾನಿಕ್ಸ್ ತುಂಬಿದ ಹೈಬ್ರಿಡ್ಡಿನಲ್ಲೂ ಅದೇ ಮೇಣ ಉಳಿದುಕೊಂಡಿದೆ. ಯಂತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ವಸ್ತು ಯಾವುದೆಂದು ಕೇಳಿದರೆ ಇಂದಿಗೂ ಇದನ್ನೇ ಹೇಳುತ್ತೇನೆ.

ಕೂರಿಸುವ ಕೆಲಸ ಬೇಗ ಮುಗಿಯಿತು. ಅಂಚಿನಲ್ಲಿರುವ ಗಾಳಿ ಹೋಗುವ ಪುಟ್ಟ ಕವಾಟ ಮೇಲ್ಮುಖವಾಗಿರಬೇಕು, ಸಣ್ಣ ನಟ್ಟುಗಳನ್ನು ಹದವಾಗಿ ಬಿಗಿಯಬೇಕು, ಅಷ್ಟೆ. ಕಷ್ಟವಿರುವುದು ಗಾಳಿ ತೆಗೆಯುವುದರಲ್ಲಿ. ಥರ್ಮಾಸ್ ಸೇರಿ ಸುಮಾರು ಎಂಟೂವರೆ ಲೀಟರಿನ ವ್ಯವಸ್ಥೆ, ಎಲ್ಲೋ ಗಾಳಿ ಸಿಕ್ಕಿಕೊಂಡರೆ ಹೀಟರೂ ಇಲ್ಲ, ಇಂಜಿನ್ನಿಗೆ ಕ್ಷೇಮವೂ ಇಲ್ಲ. ರೇಡಿಯೇಟರಿನ ಮೇಲಿನ ಬ್ಲೀಡರ್ ಸ್ಕ್ರೂಗೆ ಪಾರದರ್ಶಕ ನಳಿಗೆ ಸಿಕ್ಕಿಸಿ ಕೂಲಂಟ್ ಸುರಿದೆವು. ಆಮೇಲೆ ಇಂಜಿನ್ ಬಿಡದೆ ಓಡಬೇಕು. ಹೈಬ್ರಿಡ್ ಇಂಜಿನ್ ನಾವು ಹೇಳಿದಷ್ಟು ಹೊತ್ತು ಓಡುವುದಿಲ್ಲವಲ್ಲ. ಅದಕ್ಕೊಂದು ಗುಟ್ಟಿನ ಕ್ರಮವಿದೆ. ಗುಂಡಿ ಒತ್ತಿ ಕಾರನ್ನು ಎಚ್ಚರಿಸಿ, ಪಾರ್ಕಿನಲ್ಲಿ ಆಕ್ಸಿಲರೇಟರನ್ನು ಎರಡು ಸಲ ತಳಮುಟ್ಟ ಒತ್ತಬೇಕು, ನ್ಯೂಟ್ರಲಿನಲ್ಲಿ ಎರಡು ಸಲ, ಮತ್ತೆ ಪಾರ್ಕಿನಲ್ಲಿ ಎರಡು ಸಲ. ಎಲ್ಲವೂ ಒಂದು ನಿಮಿಷದೊಳಗೆ. ಆಮೇಲೆ ಬ್ರೇಕ್ ತುಳಿದು ಚಾಲೂ ಮಾಡಿದರೆ ಇಂಜಿನ್ ನಿಲ್ಲದೆ ಓಡುತ್ತದೆ. ನಾನು ತುಳಿಯುತ್ತಿದ್ದೆ, ಮಾವನವರು ನಳಿಗೆಯಲ್ಲಿ ಗುಳ್ಳೆ ನೋಡುತ್ತ "ಇನ್ನೂ ಐತಿ, ಇನ್ನೂ ಐತಿ" ಎನ್ನುತ್ತಿದ್ದರು. ಕಡೆಗೆ ಕೈ ಎತ್ತಿದರು. ಬಸಿದ ಹಳೆಯ ಕೂಲಂಟನ್ನು ಡಬ್ಬಿಗಳಲ್ಲಿ ಮುಚ್ಚಿಟ್ಟೆವು. ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಆಮೇಲೆ ಅದನ್ನು ಬ್ಲೂಮಿಂಗ್ಟನ್ನಿನ ಕೌಂಟಿ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬಂದೆ.

ಸಂಜೆ ಇಬ್ಬರೂ ಒಂದು ಸುತ್ತು ಹೋದೆವು. ಫೋನಿನಲ್ಲಿ ಕೂಲಂಟಿನ ಅಂಕಿ 70 ದಾಟಿತು, 80 ದಾಟಿತು, 84ರ ಹತ್ತಿರ ನಿಂತಿತು. ಹೀಟರಿನ ಗಾಳಿಗೆ ಮಾವನವರು ಕೋಟಿನ ಗುಂಡಿ ಬಿಚ್ಚಿದರು. ಮೊದಲ ಕೆಂಪು ದೀಪದಲ್ಲಿ ಇಂಜಿನ್ ತಾನಾಗಿ ನಿಂತಿತು. ನಾನು ಅವರ ಮುಖ ನೋಡಿದೆ. ಅವರು ಬೇರೇನೋ ಯೋಚಿಸುತ್ತಿದ್ದರು. ಜೇಬಿನಿಂದ ಹಳೆಯ ಥರ್ಮೋಸ್ಟಾಟ್ ತೆಗೆದು, "ಇದು ವಯಸ್ಸಾಗಿ ಕೆಟ್ಟೈತಿ. ನಾವು ಕೀಳ್ತಿದ್ದುವು ಹಿಂಗಿರಲಿಲ್ಲ. ಬೆಳ್ಳಗ ಸುಣ್ಣ ಹಿಡದು ಕಟ್ಟಿಗಿ ಆಗಿರ್ತಿದ್ವು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಬಿಸಲಿಂದಲ್ಲ. ನಾವು ಹಾಕ್ತಿದ್ದ ಬೋರಿನ ನೀರಿಂದ" ಎಂದರು.

ಅವರು ಹೇಳಿದ್ದು ಸರಿಯಿತ್ತು. ಗಡಸು ನೀರು ಕಾದಾಗ ಸುಣ್ಣ ಬಿಡುತ್ತದೆ, ಕವಾಟ ಅಂಟಿಕೊಳ್ಳುತ್ತದೆ, ಇಂಜಿನ್ ಕುದಿಯುತ್ತದೆ. ಹೊಸ ಭಾಗ ಸುಲಭಕ್ಕೆ ಸಿಗದ ಕಾಲದಲ್ಲಿ ಅದನ್ನು ಕಿತ್ತುಹಾಕಿದ್ದರಿಂದ ಎಷ್ಟೋ ಇಂಜಿನ್ನುಗಳ ಹೆಡ್ ಉಳಿಯಿತು. ಆದರೆ ಆ ಇಂಜಿನ್ನುಗಳು ಉಳಿದ ಆಯುಷ್ಯವನ್ನು ಹದಕ್ಕಿಂತ ತಣ್ಣಗೆ, ಹೆಚ್ಚು ಪೆಟ್ರೋಲ್ ಕುಡಿದು, ಬೇಗ ಸವೆಯುತ್ತ ಕಳೆದವು. ಒಂದು ಜಿಲ್ಲೆಯ ಮೆಕ್ಯಾನಿಕ್ಕುಗಳೆಲ್ಲ ಸೂರ್ಯನ ಮೇಲೆ ಹಾಕಿದ್ದ ಆರೋಪವನ್ನು ಇವರು ಮಿನ್ನೆಸೋಟದ ಚಳಿಯಲ್ಲಿ ಕುಳಿತು, ಬೆರಳ ತುದಿಯಿಂದ ಒಂದು ಬಿಲ್ಲೆ ಸವರಿ, ಸರಿಪಡಿಸಿದ್ದರು. ಅವರ ಮೇಲೆ ನನಗಿದ್ದ ಗೌರವ ಆ ದಿನ ಇಮ್ಮಡಿಯಾಯಿತು.

ಮನೆಗೆ ಬಂದವರೇ ರಾಯಚೂರಿಗೆ ಫೋನ್ ಹಚ್ಚಿದರು. ಅಲ್ಲಿ ಬೆಳಗಾಗಿತ್ತು. ಅವರ ತಮ್ಮನ ಮಗ ಗ್ಯಾರೇಜ್ ನಡೆಸುತ್ತಾನೆ. ಮೊಮ್ಮಗಳ ಸುದ್ದಿಯನ್ನೂ ಹೇಳದೆ ನೇರ ವಿಷಯಕ್ಕೆ ಬಂದರು: "ಕೇಳಿಲ್ಲಿ, ಇನ್ನಮ್ಯಾಲ ಯಾವ ಗಾಡಿಗೂ ಬೋರಿನ ನೀರ ಹಾಕಬ್ಯಾಡ. ಕೂಲಂಟೇ ಹಾಕು. ರೊಕ್ಕ ಹೆಚ್ಚಾತಂದ್ರ ಗಿರಾಕಿಗೆ ನಾ ಹೇಳ್ತೀನಿ, ನನ್ನ ನಂಬರ್ ಕೊಡು. ಮತ್ತ ಥರ್ಮೋಸ್ಟಾಟ್ ತಗದು ಒಗೀಬ್ಯಾಡ. ಮೊದ್ಲ ಒಂದ್ ಪಾತ್ರ್ಯಾಗ ನೀರ ಕಾಸಿ ನೋಡು."